ಗೂಟ, ಹಗ್ಗ ಮತ್ತು ಹತ್ತು ಟನ್ ತೂಕದ ದೋಣಿ

ಕೊಯ್ಲು ಮುಗಿದ ಹೊಲದಲ್ಲಿ ಹಸುವನ್ನು ಮೇಯಲು ಕಟ್ಟುವವರಿಗೆ ಹಗ್ಗದ ಉದ್ದ ಒಂದು ಲೆಕ್ಕಾಚಾರದ ವಿಷಯ. ಹಗ್ಗ ಗಿಡ್ಡವಾದರೆ ಹಸು ತಲೆಯೆತ್ತಿದಾಗಲೆಲ್ಲ ಗೂಟ ಮೇಲಕ್ಕೆ ಜಗ್ಗಿ, ನಾಲ್ಕಾರು ಸಲಕ್ಕೆ ಸಡಿಲಗೊಂಡು, ಕಿತ್ತು ಬರುತ್ತದೆ. ಹಗ್ಗ ಉದ್ದವಾದರೆ ಎಳೆತ ನೆಲಕ್ಕೆ ಅಡ್ಡಲಾಗಿ ಬೀಳುವುದರಿಂದ ಗೂಟ ಅಲುಗುವುದಿಲ್ಲ; ಆದರೆ ಹಸು ಪಕ್ಕದವರ ಮುಸುಕಿನ ಜೋಳಕ್ಕೆ ಬಾಯಿ ಹಾಕುತ್ತದೆ. ಹಾಸನ ಸೀಮೆಯ ಹಳ್ಳಿಗಳಲ್ಲಿ ಹತ್ತು ವರ್ಷದ ಹುಡುಗನಿಗೂ ತಿಳಿದಿರುವ ಈ ಇಕ್ಕಟ್ಟೇ, ದ್ವೀಪವೊಂದರ ಮರೆಯಲ್ಲಿ ರಾತ್ರಿ ಕಳೆಯಲು ಬಂದ ಹಾಯಿದೋಣಿಯ ನಾವಿಕನ ಇಕ್ಕಟ್ಟೂ ಹೌದು. ಅವನ ಗೂಟ ಲಂಗರು, ಅವನ ಹಗ್ಗ ಸರಪಳಿ, ಅವನ ಹಸು ಹತ್ತು ಟನ್ ತೂಗುವ ದೋಣಿ; ಪಕ್ಕದ ಹೊಲವೆಂದರೆ ಬಂಡೆಯಾದರೂ ಆದೀತು, ಇನ್ನೊಬ್ಬರ ದೋಣಿಯಾದರೂ ಆದೀತು.

ಭಾರತೀಯ ನೌಕಾಪಡೆಯ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ 2017ರ ಸೆಪ್ಟೆಂಬರಿನಲ್ಲಿ ಗೋವೆಯಿಂದ ಹೊರಟು, ಭೂಮಿಯನ್ನು ಸುತ್ತಿ, 2018ರ ಮೇ ತಿಂಗಳಲ್ಲಿ ಮರಳಿ ಬಂದ ಸುದ್ದಿಯನ್ನು ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಎಲ್ಲರೂ ಟಿವಿಯ ಮುಂದೆ ಕುಳಿತು ನೋಡಿದ್ದೆವು. ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: “ಅಲ್ಲ ಕಣೋ, ರಾತ್ರಿ ಹೊತ್ತು ದೋಣೀನ ಎಲ್ಲಿ ಕಟ್ಟಿ ಮಲಗ್ತಾರೆ?” ನಡುಸಮುದ್ರದಲ್ಲಿ ಕಟ್ಟುವ ಮಾತೇ ಇಲ್ಲ, ಅಲ್ಲಿ ನೀರಿನ ಆಳ ಕಿಲೋಮೀಟರುಗಳ ಲೆಕ್ಕದಲ್ಲಿರುತ್ತದೆ, ಅಷ್ಟುದ್ದದ ಸರಪಳಿಯನ್ನು ಹೊರುವ ದೋಣಿಯಿಲ್ಲ, ಆದ್ದರಿಂದ ಸರದಿಯ ಮೇಲೆ ಎಚ್ಚರವಿದ್ದು ಹಗಲಿರುಳೂ ಸಾಗುತ್ತಲೇ ಇರುತ್ತಾರೆ ಎಂದು ಅಂದು ಉತ್ತರ ಕೊಟ್ಟೆ. ಅದು ಅರ್ಧ ಉತ್ತರ. ದಡ ಕಂಡ ಮೇಲೆ, ಅದರಲ್ಲೂ ಕಟ್ಟೆಯಾಗಲಿ ಕೂಲಿಯಾಳಾಗಲಿ ಇಲ್ಲದ ಒಂದು ದ್ವೀಪದ ಕೊಲ್ಲಿಯಲ್ಲಿ, ಹತ್ತು–ಹದಿನೈದು ಮೀಟರ್ ಉದ್ದದ ಪ್ರವಾಸಿ ಹಾಯಿದೋಣಿ ಹೇಗೆ ನಿಲ್ಲುತ್ತದೆ ಎಂಬುದು ಉಳಿದರ್ಧ.

ಮೊದಲು ‘ಮರೆ’ ಎಂಬ ಮಾತನ್ನು ನೋಡೋಣ. ಮಲೆನಾಡಿನಲ್ಲಿ ಮಳೆಗಾಲ ಹತ್ತಿರವಾದಾಗ ಮನೆಯ ಪಡುವಣ ಗೋಡೆಗೆ ಸೋಗೆಯ ತಟ್ಟಿ ಕಟ್ಟುತ್ತಾರೆ, ಮೂಡಣ ಗೋಡೆಗೆ ಕಟ್ಟುವುದಿಲ್ಲ. ಏಕೆಂದರೆ ಇರಚಲು ಬರುವ ದಿಕ್ಕು ಎಲ್ಲರಿಗೂ ಗೊತ್ತಿದೆ. ಕೊಲ್ಲಿಯ ಮರೆಯೂ ಹಾಗೆಯೇ: ಯಾವ ದಿಕ್ಕಿನ ಗಾಳಿಗೆ ಮರೆ ಎಂದು ಹೇಳದೆ ‘ಸುರಕ್ಷಿತ ಕೊಲ್ಲಿ’ ಎಂದರೆ ಏನನ್ನೂ ಹೇಳಿದಂತಾಗದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲ, ಬೇಸಿಗೆಯ ಮಧ್ಯಾಹ್ನಗಳಲ್ಲಿ ಗಾಳಿ ವಾಯವ್ಯದ ಕಡೆಯಿಂದ, ಸಮುದ್ರದಿಂದ ನೆಲಕ್ಕೆ ಬೀಸುತ್ತದೆ. ರಾತ್ರಿ ನೆಲ ತಣ್ಣಗಾದ ಮೇಲೆ ಘಟ್ಟದ ಕಡೆಯಿಂದ ಸಮುದ್ರಕ್ಕೆ ತಿರುಗುತ್ತದೆ. ಸಂಜೆ ದ್ವೀಪದ ಪೂರ್ವದ ಬದಿಯಲ್ಲಿ ನಿಶ್ಚಿಂತೆಯಿಂದ ನಿಂತ ದೋಣಿ ಬೆಳಗಿನ ಜಾವಕ್ಕೆ ತನ್ನ ಮೂತಿಯನ್ನು ನೆಲದ ಕಡೆಗೂ ಬೆನ್ನನ್ನು ದ್ವೀಪದ ಬಂಡೆಗಳ ಕಡೆಗೂ ತಿರುಗಿಸಿಕೊಂಡು ನಿಂತಿರುತ್ತದೆ. ಮಲಗುವಾಗ ಬಂಡೆ ಮುಂದಿತ್ತು, ಏಳುವಾಗ ಹಿಂದಿದೆ. ಲಂಗರು ಕಚ್ಚಿ ಹಿಡಿಯದಿದ್ದರೆ ದೋಣಿ ಸರಿಯುವುದು ಆ ಬಂಡೆಯ ಕಡೆಗೇ.

ಎತ್ತರದ ದ್ವೀಪ ಒಳ್ಳೆಯ ಮರೆ ಕೊಡುತ್ತದೆ ಎಂಬುದು ಸಾಮಾನ್ಯ ಊಹೆ; ಬಾಬಾಬುಡನ್‌ಗಿರಿಯ ಸಾಲಿನಲ್ಲಿ ಓಡಾಡಿದವರು ಅದನ್ನು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಏಣು ದಾಟಿದ ಗಾಳಿ ಆಚೆಯ ಇಳಿಜಾರಿನಲ್ಲಿ ಸದ್ದಡಗುವುದಿಲ್ಲ. ಸುರುಳಿ ಸುತ್ತಿ, ಕೆಲವು ನಿಮಿಷ ಸುಮ್ಮನಿದ್ದು, ಇದ್ದಕ್ಕಿದ್ದಂತೆ ಕೆಳಕ್ಕೆ ಅಪ್ಪಳಿಸುತ್ತದೆ, ಅದೂ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಕಡಿದಾದ ದ್ವೀಪದ ಹಿಂದಿನ ಕೊಲ್ಲಿಯಲ್ಲಿ ದೋಣಿಗಳು ಇಂತಹ ಗಾಳಿಗೆ ಸಿಕ್ಕಿ ಗಡಿಯಾರದ ಲೋಲಕದಂತೆ ಓಲಾಡುತ್ತವೆ. ಎರಡು ಗುಡ್ಡಗಳ ನಡುವಿನ ಕಣಿವೆಯ ಬಾಯಿಗೆ ನಿಂತರಂತೂ ಹೊರಗಿನ ಸಮುದ್ರಕ್ಕಿಂತ ಹೆಚ್ಚಿನ ಗಾಳಿ ಮೈಮೇಲೆ ಬರುತ್ತದೆ. ಇದಕ್ಕಿಂತ ತಗ್ಗಾದ, ಮರ ತುಂಬಿದ ದ್ವೀಪವೇ ಮೇಲು. ಕಾಫಿ ತೋಟದ ಅಂಚಿಗೆ ಸಿಲ್ವರ್ ಓಕ್ ಸಾಲು ಹಾಕುವ ಬೆಳೆಗಾರರಿಗೆ ಇದರ ಗುಟ್ಟು ಗೊತ್ತು: ಗೋಡೆ ಗಾಳಿಯನ್ನು ತಡೆದು ತನ್ನ ಹಿಂದೆ ಸುಳಿ ಎಬ್ಬಿಸಿದರೆ, ಮರದ ಸಾಲು ಗಾಳಿಯನ್ನು ಸೋಸಿ, ಬಲ ತಗ್ಗಿಸಿ, ಬಹಳ ದೂರದವರೆಗೆ ತಣ್ಣಗೆ ಇಡುತ್ತದೆ.

ಗಾಳಿಯ ಮರೆ ಸಿಕ್ಕರೂ ಅಲೆಯ ಮರೆ ಸಿಕ್ಕಿತೆಂದು ಹೇಳಲಾಗದು. ದೂರದ ಬಿರುಗಾಳಿಗಳಲ್ಲಿ ಹುಟ್ಟಿ, ತಾವು ಹುಟ್ಟಿದ ಗಾಳಿಯನ್ನು ಹಿಂದೆ ಬಿಟ್ಟು ಸಾವಿರಾರು ಕಿಲೋಮೀಟರ್ ಸಾಗಿ ಬರುವ ಉಬ್ಬಲೆಗಳಿವೆ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಇಂತಹ ಅಲೆಗಳು ಕೇರಳದ ದಡವನ್ನು ಗಾಳಿಯೇ ಇಲ್ಲದ ದಿನ ನುಗ್ಗಿ ತೋಯಿಸುವುದುಂಟು, ಅದನ್ನು ಅಲ್ಲಿಯ ಮೀನುಗಾರರು ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು, ಎನ್ನುತ್ತಾರೆ. ಉಬ್ಬಲೆ ಆಳ ಕಡಿಮೆಯಿರುವ ಕಡೆ ನಿಧಾನವಾಗುತ್ತದೆ. ಒಂದು ತುದಿ ನಿಧಾನವಾಗಿ ಇನ್ನೊಂದು ತುದಿ ವೇಗವಾಗಿ ಸಾಗುವುದರಿಂದ ಅಲೆಯ ಸಾಲು ಬಾಗುತ್ತದೆ, ಬಾಗಿ ದ್ವೀಪವನ್ನು ಎರಡೂ ಕಡೆಯಿಂದ ಬಳಸಿ, ಹಿಂದಿನ ಮರೆಯೊಳಗೂ ಇಣುಕುತ್ತದೆ. ಗಾಳಿಗೆ ಮುಖ ಮಾಡಿ ನಿಂತ ದೋಣಿಗೆ ಈ ಅಲೆ ಪಕ್ಕದಿಂದ ಬಡಿದಾಗ ರಾತ್ರಿಯಿಡೀ ತೊಟ್ಟಿಲಿನ ಹಾಗೆ ತೂಗುತ್ತದೆ, ಆದರೆ ತೊಟ್ಟಿಲಿನ ಸುಖವಿರುವುದಿಲ್ಲ. ಅಪಾಯ ದೊಡ್ಡದಲ್ಲ, ನಿದ್ದೆ ಮಾತ್ರ ಹಾಳು. ಹಿಂಭಾಗದಿಂದ ಇನ್ನೊಂದು ಚಿಕ್ಕ ಲಂಗರು ಇಳಿಸಿ ದೋಣಿಯ ಮೂತಿಯನ್ನು ಅಲೆಯ ಕಡೆಗೆ ತಿರುಗಿಸಿದರೆ ಎಷ್ಟೋ ನೆಮ್ಮದಿ.

ಮರೆಯ ವಿಷಯದಲ್ಲಿ ತಪ್ಪು ಲೆಕ್ಕ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಸಮೋವಾ ದ್ವೀಪದ ಅಪಿಯಾ ಬಂದರನ್ನು ಬಿಟ್ಟು ಬೇರೆ ಉದಾಹರಣೆ ಬೇಡ. ಅಲ್ಲಿ ರೂಢಿಯಾಗಿ ಬೀಸುವ ಗಾಳಿಗೆ ಬೆಟ್ಟದ ಮರೆಯಿದೆ, ಇಕ್ಕೆಲಗಳಲ್ಲಿ ಹವಳದ ದಿಬ್ಬಗಳಿವೆ, ಉತ್ತರಕ್ಕೆ ಮಾತ್ರ ಬಾಯಿ ತೆರೆದಿದೆ. 1889ರ ಮಾರ್ಚಿಯಲ್ಲಿ ಅಮೆರಿಕದ ಮೂರು, ಜರ್ಮನಿಯ ಮೂರು, ಬ್ರಿಟನ್ನಿನ ಒಂದು ಯುದ್ಧನೌಕೆ ಆ ಇಕ್ಕಟ್ಟಾದ ಬಂದರಿನಲ್ಲಿ ಲಂಗರು ಹಾಕಿದ್ದವು. ವಾಯುಭಾರ ಇಳಿಯುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು. ಆದರೆ ದ್ವೀಪದ ಮೇಲಿನ ಹಕ್ಕಿಗಾಗಿ ಪೈಪೋಟಿ ನಡೆಸಿದ್ದ ದೇಶಗಳಲ್ಲಿ ಯಾರೊಬ್ಬರೂ ಮೊದಲು ಜಾಗ ಖಾಲಿ ಮಾಡಲು ತಯಾರಿರಲಿಲ್ಲ. ಮಾರ್ಚಿ 15 ಮತ್ತು 16ರಂದು ಚಂಡಮಾರುತ ತೆರೆದ ಬಾಯಿಯಿಂದಲೇ ನುಗ್ಗಿತು. ‘ಕ್ಯಾಲಿಯೋಪ್’ ಎಂಬ ಬ್ರಿಟಿಷ್ ಹಡಗು ಮಾತ್ರ ಎಂಜಿನ್ನಿನ ಪೂರ್ಣ ಬಲದಿಂದ ಇಂಚಿಂಚಾಗಿ ಹೊರಗೆ ಸರಿದು ಬಯಲು ಸಮುದ್ರ ಸೇರಿ ಬದುಕಿತು. ಉಳಿದ ಆರೂ ಒಡೆದವು ಅಥವಾ ದಡಕ್ಕೇರಿದವು, ನೂರಕ್ಕೂ ಹೆಚ್ಚು ನಾವಿಕರು ಸತ್ತರು. ಬಿರುಗಾಳಿಯಲ್ಲಿ ಮರೆಯಿಲ್ಲದ ಬಂದರಿಗಿಂತ ಬಯಲು ಸಮುದ್ರವೇ ಕ್ಷೇಮ ಎಂಬ ಮಾತು ನೆಲದವರಿಗೆ ವಿಚಿತ್ರವಾಗಿ ಕೇಳಿಸಬಹುದು. ದೋಣಿಗೆ ನೀರು ಶತ್ರುವಲ್ಲ, ನೆಲವೇ ಶತ್ರು.

ನಮಗೆ ಹತ್ತಿರದ ಉದಾಹರಣೆ ಕಾರವಾರದ್ದು. ದ್ವೀಪಗಳ ಸಾಲು, ನೆಲದ ಚಾಚು ಎರಡೂ ಕೂಡಿ ಅಲ್ಲಿ ಪ್ರಕೃತಿಯೇ ಒಂದು ಬಂದರನ್ನು ಕೊಟ್ಟಿದೆ. ಕೋಳಿಕ್ಕೋಡಿನಿಂದ ಮರಳುತ್ತಿದ್ದ ವಾಸ್ಕೋ ಡ ಗಾಮ 1498ರಲ್ಲಿ ಹಡಗುಗಳನ್ನು ದುರಸ್ತಿ ಮಾಡಿಕೊಳ್ಳಲು, ಸಿಹಿನೀರು ತುಂಬಿಕೊಳ್ಳಲು ಆರಿಸಿಕೊಂಡದ್ದು ಅಲ್ಲಿಯ ಅಂಜದೀವ ದ್ವೀಪವನ್ನು. ಇಂದು ಆ ದ್ವೀಪವನ್ನು ತಡೆಗೋಡೆಯಿಂದ ನೆಲಕ್ಕೆ ಜೋಡಿಸಿ ನೌಕಾಪಡೆ ತನ್ನ ನೆಲೆಯ ಭಾಗವಾಗಿಸಿಕೊಂಡಿದೆ.

ಮರೆ ಸಿಕ್ಕ ಮೇಲೆ ಮುಂದಿನ ಪ್ರಶ್ನೆ ನೀರಿನ ತಳದ್ದು. ಹಿಂದಿನ ನಾವಿಕರು ಆಳ ಅಳೆಯುವ ಸೀಸದ ಗುಂಡಿನ ಅಡಿಯಲ್ಲಿ ಒಂದು ಕುಳಿ ಮಾಡಿ ಅದರಲ್ಲಿ ಪ್ರಾಣಿಗಳ ಕೊಬ್ಬು ಮೆತ್ತುತ್ತಿದ್ದರು. ಗುಂಡು ಮೇಲೆ ಬಂದಾಗ ಕೊಬ್ಬಿಗೆ ಅಂಟಿದ ಮರಳೋ ಕೆಸರೋ ಚಿಪ್ಪಿನ ಚೂರೋ ತಳದ ಗುಣವನ್ನು ಹೇಳುತ್ತಿತ್ತು. ಏನೂ ಅಂಟದೆ ಕೊಬ್ಬಿನ ಮೇಲೆ ಗಾಯವಷ್ಟೇ ಇದ್ದರೆ ಕೆಳಗೆ ಬಂಡೆ. ಈಗ ಆಳವನ್ನು ಶಬ್ದತರಂಗದ ಯಂತ್ರ ತೋರಿಸುತ್ತದೆ, ತಳದ ಗುಣವನ್ನು ನಕ್ಷೆ ಹೇಳುತ್ತದೆ. ಭಾರತದ ಸಮುದ್ರ ನಕ್ಷೆಗಳನ್ನು ತಯಾರಿಸುವ ರಾಷ್ಟ್ರೀಯ ಜಲಮಾಪನ ಕಚೇರಿ ಇರುವುದು ಹಿಮಾಲಯದ ತಪ್ಪಲಿನ ಡೆಹ್ರಾಡೂನಿನಲ್ಲಿ. ಕಡಲಿನಿಂದ ಘಟ್ಟದ ಅಂತರದಲ್ಲಿರುವ ನಾವು ಲಂಗರಿನ ಬಗ್ಗೆ ಮಾತಾಡುವುದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ.

ಮರಳು ಮತ್ತು ಗಟ್ಟಿ ಜೇಡಿ ಒಳ್ಳೆಯ ಹಿಡಿತ ಕೊಡುತ್ತವೆ. ನಾಟಿಗೆ ಸಿದ್ಧವಾದ ಗದ್ದೆಯಂತಹ ಸಡಿಲ ಕೆಸರಿನಲ್ಲಿ ಲಂಗರು ಬೆಣ್ಣೆಯಲ್ಲಿ ಕತ್ತಿ ಸರಿದಂತೆ ಸರಿಯುತ್ತದೆ, ಅಲ್ಲಿ ಅಗಲವಾದ ಅಲಗು ಬೇಕು. ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡರೆ ಬಿಡಿಸಲಾಗದ ಹಿಡಿತ, ಸಿಕ್ಕಿಕೊಳ್ಳದಿದ್ದರೆ ಹಿಡಿತವೇ ಇಲ್ಲ, ಎರಡೂ ಬೇಡ. ಜಲಸಸ್ಯಗಳ ಹಾಸು ಬಹಳ ಮೋಸದ್ದು: ಅಲಗು ಬೇರುಗಳ ಜಡೆಯನ್ನು ಕಚ್ಚಿ ಹಿಡಿದಂತೆ ತೋರಿ, ಗಾಳಿ ಏರಿದಾಗ ಹುಲ್ಲಿನ ಹೆಂಟೆಯ ಸಮೇತ ಕಿತ್ತು ಬರುತ್ತದೆ. ಅದಲ್ಲದೆ ಆ ಹಾಸು ಮೀನುಮರಿಗಳ ತೊಟ್ಟಿಲು. ಮೆಡಿಟರೇನಿಯನ್ನಿನ ಬಾಲಿಯಾರಿಕ್ ದ್ವೀಪಗಳಲ್ಲಿ ಪೊಸಿಡೋನಿಯ ಎಂಬ ಕಡಲಹುಲ್ಲಿನ ಮೇಲೆ ಲಂಗರು ಹಾಕುವುದನ್ನು 2018ರಲ್ಲಿ ಕಾನೂನಿನಿಂದಲೇ ನಿಷೇಧಿಸಲಾಯಿತು. ಹವಳದ ಮೇಲಂತೂ ಲಂಗರು ಇಳಿಸಲೇಬಾರದು. ನೂರಾರು ವರ್ಷ ಬೆಳೆದದ್ದನ್ನು ಸರಪಳಿ ಒಂದು ರಾತ್ರಿಯ ಅಲೆದಾಟದಲ್ಲಿ ಪುಡಿ ಮಾಡುತ್ತದೆ, ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳಕ್ಕೂ ರಕ್ಷಣೆ ಕೊಟ್ಟಿದೆ. ತಿಳಿನೀರಿನಲ್ಲಿ ಬಿಸಿಲು ನೆತ್ತಿಯ ಮೇಲಿದ್ದಾಗ ಮರಳು ತಿಳಿ ಬಣ್ಣಕ್ಕೂ ಹುಲ್ಲು, ಹವಳ, ಬಂಡೆಗಳು ಕಪ್ಪು ಕಲೆಗಳಾಗಿಯೂ ಕಾಣುತ್ತವೆ. ತಿಳಿದ ನಾವಿಕರು ಹೊಸ ಕೊಲ್ಲಿಗೆ ಕತ್ತಲಾದ ಮೇಲೆ ಹೋಗುವುದಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಲಂಗರಿನ ವಿಷಯ. ಅದು ಭಾರದಿಂದ ದೋಣಿಯನ್ನು ನಿಲ್ಲಿಸುತ್ತದೆ ಎಂದು ನಾವೆಲ್ಲ ನಂಬಿದ್ದೇವೆ. ತೆಪ್ಪಕ್ಕೆ ಹಗ್ಗದಲ್ಲಿ ಕಟ್ಟಿದ ಕಲ್ಲು ಹಾಗೆಯೇ ನಿಲ್ಲಿಸುತ್ತದೆ, ನಿಜ. ಆದರೆ ಹತ್ತು ಟನ್ ತೂಕದ ಹಾಯಿದೋಣಿಯ ಲಂಗರು ಇಪ್ಪತ್ತು ಕೆಜಿಯ ಆಸುಪಾಸಿನಲ್ಲಿರುತ್ತದೆ, ಅಂದರೆ ಅರ್ಧ ಮೂಟೆ ಸಿಮೆಂಟಿಗಿಂತಲೂ ಹಗುರ. ಅದು ಹಿಡಿಯುವುದು ನೇಗಿಲಿನ ಹಾಗೆ ಮಣ್ಣನ್ನು ಹೊಕ್ಕು. ಎಳೆತ ನೆಲಕ್ಕೆ ಸಮನಾಗಿದ್ದರೆ ಗುಳ ಎಳೆದಷ್ಟೂ ಆಳಕ್ಕೆ ಇಳಿಯುತ್ತದೆ. ಎಳೆತ ಮೇಲ್ಮುಖವಾದರೆ ಗುಳ ಮೇಲೆದ್ದು ನೆಲ ಕೆರೆಯುತ್ತದೆ. ಒಳ್ಳೆಯ ಮರಳಿನಲ್ಲಿ ಪೂರ್ತಿ ಹೂತ ಲಂಗರು ತನ್ನ ತೂಕದ ಹತ್ತಾರು ಪಟ್ಟು ಬಲವನ್ನು ತಡೆಯಬಲ್ಲದು.

ನೇಗಿಲಿನ ಹೋಲಿಕೆ ನನ್ನದಲ್ಲ, ಲಂಗರು ಮಾಡಿದವರದ್ದೇ. ಜಿ. ಐ. ಟೇಲರ್ ಎಂಬ ಬ್ರಿಟಿಷ್ ಭೌತವಿಜ್ಞಾನಿ, ದ್ರವಗಳ ಚಲನೆಯ ಅಧ್ಯಯನದಲ್ಲಿ ಇಪ್ಪತ್ತನೆಯ ಶತಮಾನದ ದೊಡ್ಡ ಹೆಸರು, ಬಿಡುವಿನಲ್ಲಿ ಹಾಯಿದೋಣಿ ನಡೆಸುತ್ತಿದ್ದರು. ಹಳೆಯ ಕಾಲದ, ಚಿತ್ರಗಳಲ್ಲಿ ಕಾಣುವಂತಹ ಎರಡು ಕೊಕ್ಕೆಯ ಭಾರದ ಲಂಗರಿನಿಂದ ಬೇಸತ್ತು, 1933ರಲ್ಲಿ ನೇಗಿಲಿನ ಗುಳದ ಆಕಾರದ ಹಗುರ ಲಂಗರೊಂದನ್ನು ರೂಪಿಸಿದರು. ‘ಸಿಕ್ಯುಆರ್’ ಎಂಬ ಅದರ ಹೆಸರನ್ನು ವೇಗವಾಗಿ ಉಚ್ಚರಿಸಿದರೆ ‘ಸೆಕ್ಯೂರ್’, ಭದ್ರ, ಎಂದು ಕೇಳಿಸುತ್ತದೆ. ನೀರಿನ ಮೇಲಿಳಿಯುವ ವಿಮಾನಗಳಿಗೂ ಅದು ಉಪಯೋಗಕ್ಕೆ ಬಂತು. (ಇಂದಿನ ಕಂಪ್ಯೂಟರುಗಳ ತಳಹದಿಯಾದ ಬೂಲಿಯನ್ ಬೀಜಗಣಿತದ ಜಾರ್ಜ್ ಬೂಲ್ ಈ ಟೇಲರ್ ಅವರ ತಾಯಿಯ ತಂದೆ, ಲಂಗರಿಗೂ ಕಂಪ್ಯೂಟರಿಗೂ ಇಂತಹ ನೆಂಟಸ್ತಿಕೆ ಇರಬಹುದೆಂದು ಯಾರು ಊಹಿಸಿಯಾರು!) 1970ರ ದಶಕದಲ್ಲಿ ಬಂದ ಬ್ರೂಸ್ ಲಂಗರು, ಆಮೇಲಿನ ಸ್ಪೇಡ್, ರೊಕ್ನಾ ಮುಂತಾದವು ಸಲಿಕೆಯ ಹಾಗೆ ಒಳಬಾಗಿದ ಅಲಗುಳ್ಳವು, ಇವು ಮಗುಚಿ ಬಿದ್ದರೂ ತಾವೇ ಹೊರಳಿ ತುದಿಯನ್ನು ನೆಲಕ್ಕೆ ಊರುತ್ತವೆ.

ಎಳೆತವನ್ನು ನೆಲಕ್ಕೆ ಸಮನಾಗಿಸುವುದು ಸರಪಳಿಯ ಉದ್ದ. ಹೊರಬಿಟ್ಟ ಸರಪಳಿಯ ಉದ್ದವನ್ನು ಆಳದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ನಾವಿಕರು ‘ಸ್ಕೋಪ್’ ಎನ್ನುತ್ತಾರೆ. ಬಿಗಿದು ನೆಟ್ಟಗಾದ ಸರಪಳಿ ನೆಲದೊಡನೆ ಮಾಡುವ ಕೋನ ಸ್ಕೋಪ್ ಮೂರಾಗಿದ್ದಾಗ ಸುಮಾರು 19 ಡಿಗ್ರಿ, ಐದಾದಾಗ ಹನ್ನೊಂದೂವರೆ, ಏಳಾದಾಗ ಎಂಟು, ಹತ್ತಾದಾಗ ಆರಕ್ಕಿಂತ ಕಡಿಮೆ. ಮೂರರಿಂದ ಐದಕ್ಕೆ ಏರಿದಾಗ ಸಿಗುವ ಲಾಭ ಏಳರಿಂದ ಹತ್ತಕ್ಕೆ ಏರಿದಾಗ ಸಿಗುವುದಿಲ್ಲ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಆದ್ದರಿಂದಲೇ ಸರಪಳಿ ಹಾಕಿದವರು ಸಾಮಾನ್ಯ ರಾತ್ರಿಗೆ ಐದರ ಆಸುಪಾಸಿನಲ್ಲಿ ನಿಲ್ಲುತ್ತಾರೆ, ಬಹುಪಾಲು ಹಗ್ಗವೇ ಇರುವವರು ಏಳಕ್ಕೆ ಹೋಗುತ್ತಾರೆ, ಊಟದ ಹೊತ್ತಿಗೆ ಮಾತ್ರ ನಿಂತು ಎಚ್ಚರದಿಂದಿರುವವರು ಮೂರಕ್ಕೆ ಒಪ್ಪುತ್ತಾರೆ.

ತಪ್ಪುವುದು ಹೆಚ್ಚಾಗಿ ಭಾಗಾಕಾರದಲ್ಲಲ್ಲ, ಆಳದಲ್ಲಿ. ಆಳವೆಂದರೆ ನೀರಿನ ಆಳವಷ್ಟೇ ಅಲ್ಲ. ಸರಪಳಿ ದೋಣಿಯ ಮೂತಿಯಿಂದ ಹೊರಬೀಳುವ ಜಾಗ ನೀರಿಗಿಂತ ಎಷ್ಟು ಎತ್ತರದಲ್ಲಿದೆಯೋ ಅದನ್ನೂ, ಮುಂದೆ ಭರತ ಎಷ್ಟು ಏರಲಿದೆಯೋ ಅದನ್ನೂ ಕೂಡಬೇಕು. ಇಳಿತದ ಹೊತ್ತಿನಲ್ಲಿ ಐದು ಮೀಟರ್ ನೀರಿರುವ ಕಡೆ ನಿಂತವನು ಐದೈದಲೆ ಇಪ್ಪತ್ತೈದು ಎಂದು 25 ಮೀಟರ್ ಬಿಟ್ಟು ಮಲಗಿದ ಎನ್ನೋಣ. ಮೂತಿಯ ಎತ್ತರ ಒಂದು ಮೀಟರ್, ಭರತದ ಏರಿಕೆ ಎರಡು ಮೀಟರ್. ನಡುರಾತ್ರಿಗೆ ಆಳ ಎಂಟಾಯಿತು, ಸ್ಕೋಪ್ ಮೂರಕ್ಕೆ ಇಳಿಯಿತು. ಅವನು ಬಿಡಬೇಕಾಗಿದ್ದದ್ದು 40 ಮೀಟರ್. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಎದ್ದು ನಿಲ್ಲುವುದನ್ನು ನಾವು ವರ್ಷಕ್ಕೊಮ್ಮೆ ನೋಡುತ್ತೇವೆ. ಸಮುದ್ರ ತನ್ನ ಏರಿಳಿತವನ್ನು ಆರು ಗಂಟೆ ಚಿಲ್ಲರೆಯಲ್ಲಿ ಮುಗಿಸುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಆ ಅಂತರ ಎರಡು ಮೀಟರಿನ ಆಸುಪಾಸಿನಲ್ಲೇ ಮುಗಿಯುತ್ತದೆ ಎಂಬುದು ನಮ್ಮ ಪುಣ್ಯ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಅದು ಹತ್ತು ಮೀಟರನ್ನೂ ಮುಟ್ಟುತ್ತದೆ.

ಹಗ್ಗದ ಬದಲು ಸರಪಳಿ ಏಕೆ ಎಂಬುದಕ್ಕೆ ಎರಡು ಕಾರಣಗಳಿವೆ. ಬಂಡೆ, ಚಿಪ್ಪುಗಳಿಗೆ ಉಜ್ಜಿ ಸವೆಯುವುದಿಲ್ಲ ಎಂಬುದು ಒಂದು. ಎರಡನೆಯದು ಭಾರ: ಎಂಟು ಮಿಲಿಮೀಟರ್ ದಪ್ಪದ ಸರಪಳಿ ಮೀಟರಿಗೆ ಒಂದೂವರೆ ಕೆಜಿಯ ಹತ್ತಿರ ತೂಗುತ್ತದೆ, ಹಗುರ ಗಾಳಿಯಲ್ಲಿ ಅದರ ಬಹುಭಾಗ ತಳದ ಮೇಲೆ ಮಲಗಿ, ಉಳಿದದ್ದು ಬಟ್ಟೆ ಒಣಹಾಕಿದ ತಂತಿಯಂತೆ ಜೋತು, ಲಂಗರಿಗೆ ನೆಲಮಟ್ಟದ ಎಳೆತವನ್ನೇ ಕೊಡುತ್ತದೆ. ಆದರೆ ಈ ಜೋತಾಟವನ್ನು ನಂಬಿ ಮೋಸಹೋದವರು ಬಹಳ. ಗಾಳಿಯ ಬಲ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಗಾಳಿ 30 ನಾಟ್ ಆದರೆ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟು, 45 ಆದರೆ ಒಂಬತ್ತು ಪಟ್ಟು. ಆಗ ಸರಪಳಿ ಸಲಾಕೆಯಂತೆ ನೆಟ್ಟಗಾಗುತ್ತದೆ, ಅಲೆ ದೋಣಿಯನ್ನು ಎತ್ತಿದಾಗಲೆಲ್ಲ ಕಬ್ಬಿಣ ಕಬ್ಬಿಣವನ್ನು ಜಗ್ಗುತ್ತದೆ. ಈ ಹೊಡೆತವನ್ನು ನುಂಗಲು ಸರಪಳಿಗೆ ಕೊಕ್ಕೆ ಹಾಕಿ, ಐದಾರು ಮೀಟರಿನಿಂದ ಹತ್ತು ಮೀಟರ್ ಉದ್ದದ ನೈಲಾನ್ ಹಗ್ಗವೊಂದನ್ನು ದೋಣಿಗೆ ಕಟ್ಟಿ, ಭಾರವೆಲ್ಲ ಅದರ ಮೇಲೆ ಬೀಳುವಂತೆ ಮಾಡುತ್ತಾರೆ. ಇದಕ್ಕೆ ‘ಸ್ನಬರ್’ ಎನ್ನುತ್ತಾರೆ. ನೈಲಾನ್ ಹಿಗ್ಗುತ್ತದೆ, ಕುಗ್ಗುತ್ತದೆ. ಸರಪಳಿ ಬಂಡೆಗೆ ಉಜ್ಜುವ ಗರಗರ ಸದ್ದು ಮಲಗುವ ಕೋಣೆಯವರೆಗೆ ಬರುವುದನ್ನೂ ಅದು ತಡೆಯುತ್ತದೆ, ನನ್ನ ಮಟ್ಟಿಗೆ ಅದೇ ಅದರ ದೊಡ್ಡ ಉಪಕಾರ.

ಇಲ್ಲಿಗೆ ಗೂಟ ಭದ್ರವಾಯಿತು; ಪಕ್ಕದ ಹೊಲದ ಪ್ರಶ್ನೆ ಉಳಿಯಿತು. 40 ಮೀಟರ್ ಸರಪಳಿ, 12 ಮೀಟರ್ ದೋಣಿ: ಗಾಳಿ ಸುತ್ತ ತಿರುಗಿದರೆ ದೋಣಿಯ ಹಿಂತುದಿ ಐವತ್ತು ಮೀಟರಿಗೂ ಮಿಕ್ಕಿದ ತ್ರಿಜ್ಯದ ವೃತ್ತವನ್ನು ಬರೆಯುತ್ತದೆ, ಅಂದರೆ ಅಡ್ಡಗಲ ನೂರು ಮೀಟರ್. ಚಿಕ್ಕ ಕೊಲ್ಲಿಯಲ್ಲಿ ಇಂತಹ ಎಷ್ಟು ವೃತ್ತಗಳು ಹಿಡಿಸಿಯಾವು? ಮರೆ ಚೆನ್ನಾಗಿರುವ ಕೊಲ್ಲಿಗೇ ಎಲ್ಲರೂ ಬರುತ್ತಾರೆ, ಕೊಲ್ಲಿ ಚಿಕ್ಕದಾದಷ್ಟೂ ಮರೆ ಹೆಚ್ಚು. ಹೀಗಾಗಿ ಉದ್ದ ಸರಪಳಿ ಬೇಕಾದಾಗಲೇ ಜಾಗ ಇರುವುದಿಲ್ಲ. ಎಲ್ಲ ದೋಣಿಗಳೂ ಒಂದೇ ಬಗೆಯವಾಗಿದ್ದರೆ ಒಟ್ಟಿಗೆ ತಿರುಗುತ್ತವೆ, ವೃತ್ತಗಳು ಒಂದರ ಮೇಲೊಂದು ಬಿದ್ದರೂ ಡಿಕ್ಕಿಯಾಗದು. ಆದರೆ ತಳದಿಂದ ನೀರಿನೊಳಕ್ಕೆ ಆಳವಾಗಿ ಚಾಚಿದ ಅಡಿಪಟ್ಟಿಯಿರುವ ಹಾಯಿದೋಣಿ ನೀರಿನ ಸೆಳೆತಕ್ಕೆ ತಿರುಗಿದರೆ, ನೀರಿನ ಮೇಲೆ ಎತ್ತರವಾಗಿ ಕುಳಿತ ಮೋಟಾರು ದೋಣಿ ಗಾಳಿಗೆ ತಿರುಗುತ್ತದೆ. ಸರಪಳಿಯವನು ಚಿಕ್ಕ ವೃತ್ತದಲ್ಲಿ ಅಲೆದರೆ, ಹಗ್ಗದವನು ಕೊಲ್ಲಿಯನ್ನೆಲ್ಲ ಅಲೆಯುತ್ತಾನೆ. ಇಲ್ಲಿ ನಡೆಯುವುದು ಹಾಸನದ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವ ನ್ಯಾಯವೇ: ಮೊದಲು ಬಂದವನ ವೃತ್ತಕ್ಕೆ ಮೊದಲ ಹಕ್ಕು, ಆಮೇಲೆ ಬಂದವನು ತಗುಲುವಂತಿದ್ದರೆ ಅವನೇ ಸರಪಳಿ ಎತ್ತಿ ಜಾಗ ಬದಲಿಸಬೇಕು. ಮೊದಲಿನವನು ಎಷ್ಟು ಸರಪಳಿ ಬಿಟ್ಟಿದ್ದಾನೆಂದು ಕೂಗಿ ಕೇಳುವುದರಲ್ಲಿ ಅವಮಾನವೇನಿಲ್ಲ.

ತೀರ ಇಕ್ಕಟ್ಟಾದ ಕಡೆ ಹಿಂಭಾಗದಿಂದ ಹಗ್ಗವೊಂದನ್ನು ದಡದ ಮರಕ್ಕೋ ಬಂಡೆಗೋ ಕಟ್ಟಿ ತಿರುಗಾಟವನ್ನೇ ನಿಲ್ಲಿಸುವುದುಂಟು. ಆಗ ಅಡ್ಡಗಾಳಿ ಎದ್ದರೆ ದೋಣಿ ತನ್ನ ಅಗಲದ ಮೈಯನ್ನು ಒಡ್ಡಿ ನಿಲ್ಲಬೇಕಾಗುತ್ತದೆ, ಲಂಗರಿನ ಮೇಲಿನ ಭಾರ ಬಹಳ ಏರುತ್ತದೆ. ಕಟ್ಟಿದ ಹಸುವಿಗೆ ಬೆನ್ನು ತಿರುಗಿಸಲೂ ಆಗದಂತೆ ಹಿಂಗಾಲಿಗೂ ಹಗ್ಗ ಹಾಕಿದಂತೆ ಅದು.

ಲಂಗರು ಇಳಿಸುವ ಕೆಲಸ ಹೇಳಲು ಸುಲಭ. ಕೊಲ್ಲಿಯೊಳಗೆ ನಿಧಾನವಾಗಿ ಒಂದು ಸುತ್ತು ಹಾಕಿ ವೃತ್ತದುದ್ದಕ್ಕೂ ಆಳ ಸಾಕಷ್ಟಿದೆಯೇ ಎಂದು ನೋಡಬೇಕು. ಹಾಯಿಗಳನ್ನು ಇಳಿಸಿ, ಗಾಳಿಗೆ ಮುಖ ಮಾಡಿ, ಬೇಕಾದ ಜಾಗದಲ್ಲಿ ದೋಣಿ ಪೂರ್ತಿ ನಿಂತ ಮೇಲೆ ಲಂಗರನ್ನು ಇಳಿಬಿಡಬೇಕು. ಸಿನಿಮಾಗಳಲ್ಲಿ ತೋರಿಸುವಂತೆ ಎಸೆಯಬಾರದು. ಎಸೆದರೆ ಸರಪಳಿ ಲಂಗರಿನ ಮೇಲೆಯೇ ರಾಶಿ ಬಿದ್ದು ಸಿಕ್ಕಾಗುತ್ತದೆ. ಲಂಗರು ತಳ ಮುಟ್ಟಿತೆಂದ ಕೂಡಲೇ ದೋಣಿ ಗಾಳಿಗೆ ತಾನಾಗಿ ಹಿಂದೆ ಸರಿಯತೊಡಗುತ್ತದೆ, ಅದು ಸರಿದಂತೆ ಸರಪಳಿಯನ್ನು ನೆಲದ ಮೇಲೆ ಗೆರೆ ಎಳೆದಂತೆ ಹಾಸುತ್ತ ಹೋಗಬೇಕು. ಪೂರ್ತಿ ಬಿಟ್ಟಾದ ಮೇಲೆ ಎಂಜಿನ್ನನ್ನು ಹಿಮ್ಮುಖವಾಗಿ, ಮೊದಲು ಮೆಲ್ಲಗೆ, ಆಮೇಲೆ ಹೆಚ್ಚಿಸುತ್ತ ಓಡಿಸಿ ಲಂಗರನ್ನು ಮಣ್ಣಿಗೆ ಹೂಳಬೇಕು. ಆಗ ಸರಪಳಿಯ ಮೇಲೆ ಅಂಗೈ ಇಟ್ಟರೆ ಕೆಳಗಿನ ವರ್ತಮಾನ ತಿಳಿಯುತ್ತದೆ: ಬಿಗಿದು ಸುಮ್ಮನಿದ್ದರೆ ಹಿಡಿದಿದೆ, ಕಲ್ಲುರಸ್ತೆಯಲ್ಲಿ ಎತ್ತಿನ ಗಾಡಿ ಹೋದಂತೆ ಗಡಗಡ ನಡುಗಿದರೆ ಲಂಗರು ಕೆರೆಯುತ್ತ ಬರುತ್ತಿದೆ. ಕೆರೆದರೆ ಎತ್ತಿ ಮತ್ತೆ ಮೊದಲಿನಿಂದ. ಇದರಲ್ಲಿ ಸೋಮಾರಿತನ ಮಾಡಿದವರೇ ನಡುರಾತ್ರಿ ಎದ್ದು ಮಳೆಯಲ್ಲಿ ಅದೇ ಕೆಲಸ ಮಾಡುತ್ತಾರೆ. ಸಾಮಾನ್ಯವಾಗಿ ಗಂಡ ಚುಕ್ಕಾಣಿಯಲ್ಲಿ, ಹೆಂಡತಿ ಮೂತಿಯಲ್ಲಿ ನಿಂತು, ಎಂಜಿನ್ನಿನ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದೆ ಜಗಳವಾಡುವುದು ಮೊದಲೇ ನಿಂತವರಿಗೆ ಸಂಜೆಯ ಮನರಂಜನೆ. ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಂಡವರು ಆ ಮನರಂಜನೆ ಒದಗಿಸುವುದಿಲ್ಲ.

ದೋಣಿ ನಿಜವಾಗಿ ನಿಂತಿದೆಯೇ ಎಂದು ತಿಳಿಯಲು ಎಲ್ಲಕ್ಕಿಂತ ಹಳೆಯ, ಇಂದಿಗೂ ಸೋಲದ ಉಪಾಯವೊಂದಿದೆ. ದಡದ ಮೇಲೆ, ದೋಣಿಯ ಪಕ್ಕಕ್ಕೆ, ಒಂದರ ಹಿಂದೊಂದು ಬರುವ ಎರಡು ಗುರುತುಗಳನ್ನು ಆರಿಸಿಕೊಳ್ಳಬೇಕು: ಹತ್ತಿರದ ಒಂದು ತೆಂಗಿನ ಮರ, ಅದರ ನೇರ ಹಿಂದೆ ದೂರದ ಗುಡ್ಡದ ಮೇಲಿನ ಬಂಡೆ. ಎರಡೂ ಒಂದೇ ಗೆರೆಯಲ್ಲಿದ್ದರೆ ದೋಣಿ ಅಲ್ಲೇ ಇದೆ. ಮರ ಬಂಡೆಯಿಂದ ಬೇರೆಯಾಗಿ ಒಂದೇ ದಿಕ್ಕಿಗೆ ಸರಿಯುತ್ತ ಹೋದರೆ ದೋಣಿ ಸರಿಯುತ್ತಿದೆ. ರಾತ್ರಿಗೆ ಜಿಪಿಎಸ್ ಎಚ್ಚರಿಕೆಗಂಟೆ ಇದೆ. ಅದರ ಕೇಂದ್ರಬಿಂದುವನ್ನು ಲಂಗರು ತಳ ಮುಟ್ಟಿದ ಕ್ಷಣದಲ್ಲೇ ಗುರುತು ಮಾಡಿಕೊಳ್ಳಬೇಕು; ಎಲ್ಲ ಮುಗಿದ ಮೇಲೆ, ನಲವತ್ತು ಮೀಟರ್ ಹಿಂದೆ ಬಂದು ಗುರುತು ಮಾಡಿದರೆ, ಗಾಳಿ ತಿರುಗಿ ದೋಣಿ ವೃತ್ತದ ಆಚೆ ಬದಿಗೆ ಹೋದಾಗ ಗಂಟೆ ಸುಮ್ಮಸುಮ್ಮನೆ ಬಡಿದುಕೊಳ್ಳುತ್ತದೆ. ಎರಡು ಸಲ ಸುಳ್ಳು ಹೇಳಿದ ಗಂಟೆಯನ್ನು ಮೂರನೆಯ ಸಲ ಯಾರೂ ನಂಬುವುದಿಲ್ಲ.

ಇತರರಿಗೆ ಕಾಣಿಸುವ ಹೊಣೆಯೂ ಇದೆ. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ, ಲಂಗರು ಹಾಕಿದ ದೋಣಿ ಹಗಲಿನಲ್ಲಿ ಮುಂಭಾಗದಲ್ಲಿ ಒಂದು ಕಪ್ಪು ಚೆಂಡನ್ನೂ ರಾತ್ರಿಯಲ್ಲಿ ಎಲ್ಲ ದಿಕ್ಕಿನಿಂದಲೂ ಕಾಣುವ ಬಿಳಿ ದೀಪವನ್ನೂ ತೋರಿಸಬೇಕು. ಹಾಯಿ ಕಟ್ಟುವ ಕೂವೆಮರದ ತುತ್ತತುದಿಯ ದೀಪ ಹತ್ತಿರ ಬಂದ ಚಿಕ್ಕ ದೋಣಿಯವನಿಗೆ ನಕ್ಷತ್ರದಂತೆ ಕಂಡು ಲೆಕ್ಕಕ್ಕೆ ಸಿಗದೆ ಹೋಗುವುದರಿಂದ, ಅನೇಕರು ಕೆಳಗೂ ಒಂದು ಲಾಂದ್ರ ತೂಗುಹಾಕುತ್ತಾರೆ.

ಎಲ್ಲ ಸರಿಯಿದ್ದೂ ಕೆಲವೊಮ್ಮೆ ಸಾಲದು. ‘ತಾರಿಣಿ’ ತಂಗಿದ್ದ ಫಾಕ್‌ಲ್ಯಾಂಡ್ ದ್ವೀಪದ ಸ್ಟ್ಯಾನ್ಲಿ ಬಂದರು ಕಿರಿದಾದ ಬಾಗಿಲಿನ, ಹೆಚ್ಚುಕಡಿಮೆ ಸುತ್ತಲೂ ನೆಲವಿರುವ ಕೊಲ್ಲಿ. ಆದರೂ ಅದರ ಒಂದು ಮೂಲೆಯಲ್ಲಿ ‘ಲೇಡಿ ಎಲಿಜಬೆತ್’ ಎಂಬ ಕಬ್ಬಿಣದ ಹಳೆಯ ಹಾಯಿಹಡಗು 1936ರ ಬಿರುಗಾಳಿಯಲ್ಲಿ ಕಟ್ಟು ಹರಿದುಕೊಂಡು ಹೋಗಿ ಮರಳಿಗೇರಿದ್ದು ಇಂದಿಗೂ ಅಲ್ಲೇ ತುಕ್ಕು ಹಿಡಿಯುತ್ತ ನಿಂತಿದೆ. ಪಶ್ಚಿಮ ಕರಾವಳಿಯಲ್ಲಿ ಮುಂಗಾರಿನ ತಿಂಗಳುಗಳಿಗೆ ಯಾವ ಸ್ಕೋಪೂ ಉತ್ತರವಲ್ಲ. ಹೇಮಾವತಿಯನ್ನು ತುಂಬಿಸುವ, ಕಾಫಿ ಗಿಡಕ್ಕೆ ನೀರುಣಿಸುವ ಅದೇ ನೈಋತ್ಯ ಮಾರುತ ಅಲ್ಲಿ ದ್ವೀಪದ ಮರೆಗಳನ್ನೆಲ್ಲ ಕದಡುತ್ತದೆ. ಆಗ ಚಿಕ್ಕ ದೋಣಿಗಳಿರಬೇಕಾದದ್ದು ನದಿಯೊಳಗೆ ಅಥವಾ ನೆಲದ ಮೇಲೆ.

ಬೆಳಿಗ್ಗೆ ಹೊರಡುವಾಗ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ದೋಣಿಯನ್ನು ಸರಪಳಿಯ ಗುಂಟ ಮುಂದಕ್ಕೆ ಒಯ್ಯುತ್ತ, ಸರಪಳಿಯನ್ನು ಒಳಗೆ ಸೇದುತ್ತ, ದೋಣಿಯ ಮೂತಿ ಲಂಗರಿನ ನೇರ ಮೇಲೆ ಬರುವಂತೆ ಮಾಡಿದರೆ ಎಳೆತ ನೆಟ್ಟಗೆ ಮೇಲ್ಮುಖವಾಗುತ್ತದೆ. ರಾತ್ರಿಯಿಡೀ ಹತ್ತು ಟನ್ನಿಗೆ ಜಗ್ಗದ ಗೂಟ ಈಗ ಇಬ್ಬರ ಕೈಬಲಕ್ಕೆ, ಇಲ್ಲವೇ ಚಿಕ್ಕದೊಂದು ವಿದ್ಯುತ್ ರಾಟೆಗೆ ಬಿಟ್ಟುಕೊಡುತ್ತದೆ. ಆಳಕ್ಕೆ ಹೂತು ಹಠ ಹಿಡಿದರೆ ಸರಪಳಿಯನ್ನು ಬಿಗಿಯಾಗಿ ಕಟ್ಟಿ ಕೆಲವು ನಿಮಿಷ ಕಾಯುತ್ತಾರೆ, ಅಲೆಗಳು ದೋಣಿಯನ್ನು ಎತ್ತಿ ಎತ್ತಿ ತಾವೇ ಅದನ್ನು ಸಡಿಲಿಸುತ್ತವೆ. ಬಂಡೆಯ ಸಂದಿನ ಭಯವಿದ್ದವರು ಲಂಗರಿನ ತಲೆಯ ಕಡೆಗೆ ತೆಳುವಾದ ಹಗ್ಗವೊಂದನ್ನು ಮೊದಲೇ ಕಟ್ಟಿ, ಅದರ ತುದಿಗೆ ತೇಲುಬುರುಡೆ ಬಿಟ್ಟಿರುತ್ತಾರೆ. ಅದನ್ನು ಹಿಡಿದು ಹಿಮ್ಮುಖವಾಗಿ ಎಳೆದರೆ ಸಿಕ್ಕಿದ್ದು ಬಿಡುತ್ತದೆ. ಲಂಗರು ನೀರಿನಿಂದ ಮೇಲೆ ಬಂದಾಗ ಅಲಗಿಗೆ ಮೆತ್ತಿದ ಮಣ್ಣನ್ನು ತೊಳೆಯುವ ಮೊದಲು ಒಮ್ಮೆ ನೋಡಿ, ಬೂದು ಜೇಡಿಯೋ ಕಪ್ಪು ಕೆಸರೋ ಚಿಪ್ಪು ಬೆರೆತ ಮರಳೋ ಎಂದು ದಿನಚರಿಯಲ್ಲಿ ಆ ಕೊಲ್ಲಿಯ ಹೆಸರಿನ ಮುಂದೆ ಬರೆದಿಡುತ್ತಾರೆ.